ಸಾಗರದ ವಾಚನಾಲಯದ ಹಂಗೇರಿ ಪಾಠ: ಆರು ಭಾನುವಾರ ಹೋಗಿ ಬಂದವಳ ಅಭಿಪ್ರಾಯ

ಸಾಗರದ ಪೇಟೆಯಲ್ಲಿ ಬಾಡಿಗೆಗೆ ಪುಸ್ತಕ ಕೊಡುವ ಒಂದು ಸಣ್ಣ ವಾಚನಾಲಯವಿದೆ. ಕೆಳಗೆ ಪುಸ್ತಕ, ಮೇಲೆ ತಗಡಿನ ಮಾಡಿನ ಒಂದು ಕೋಣೆ. ನಿವೃತ್ತ ಇತಿಹಾಸ ಮೇಷ್ಟ್ರೊಬ್ಬರು ಈ ಮಳೆಗಾಲ ಅಲ್ಲಿ ಆರು ಭಾನುವಾರ ಹಂಗೇರಿ ದೇಶದ ಬಗ್ಗೆ ಪಾಠ ಮಾಡಿದರು. ಶುಲ್ಕ 600 ರೂಪಾಯಿ, ಚಹಾ ಸೇರಿ. ಕಮ್ಯುನಿಸ್ಟ್ ಆಡಳಿತದಿಂದ ಬಿಡಿಸಿಕೊಂಡು ಪ್ರಜಾಪ್ರಭುತ್ವಕ್ಕೆ ಬಂದ ದೇಶ ಮತ್ತೆ ಒಬ್ಬನೇ ನಾಯಕನ ಮುಷ್ಟಿಗೆ ಹೇಗೆ ಹೋಯಿತು ಅನ್ನುವುದು ವಿಷಯ. ನಾನು ಒಂದು ವಾರವೂ ತಪ್ಪಿಸಲಿಲ್ಲ. ಹೋಗಿ ಅಂತಲೇ ಹೇಳುತ್ತೇನೆ. ಯಾಕೆ ಅಂತ ಬರೆಯುತ್ತೇನೆ, ಸರಿಯಿಲ್ಲದ್ದನ್ನೂ ಬರೆಯುತ್ತೇನೆ.

ನಾನು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವಳು. ರಾಜಕೀಯದ ಚರ್ಚೆ ಅಂದರೆ ಬೈದಾಟ ಅಂದುಕೊಂಡು ದೂರ ಇದ್ದೆ. ಮೊದಲೊಮ್ಮೆ ಆನ್‌ಲೈನ್ ಕೋರ್ಸಿಗೆ ಎರಡು ಸಾವಿರ ಕಟ್ಟಿದ್ದೆ. ಯಾರೋ ಸ್ಲೈಡ್ ಓದಿಕೊಂಡು ಹೋದರು, ಪ್ರಶ್ನೆ ಕೇಳಿದರೆ ಉತ್ತರವೇ ಬರಲಿಲ್ಲ. ಇಲ್ಲಿ ಹಾಗಲ್ಲ. ಇಪ್ಪತ್ತು ಜನ, ಎದುರಿಗೆ ಮೇಷ್ಟ್ರು, ಕೈಯಲ್ಲಿ ಸೀಮೆಸುಣ್ಣ.

ಮೊದಲ ಪಾಠದ ಒಂದು ಗಳಿಗೆ ಇನ್ನೂ ಕಣ್ಣ ಮುಂದಿದೆ. 1956ರಲ್ಲಿ ಹಂಗೇರಿಯ ಜನ ಸೋವಿಯತ್ ಹಿಡಿತದ ವಿರುದ್ಧ ಎದ್ದರು, ಟ್ಯಾಂಕ್‌ಗಳು ಬಂದು ತುಳಿದು ಹಾಕಿದವು. ಜನರ ಪರ ನಿಂತ ಪ್ರಧಾನಿ ಇಮ್ರೆ ನಾಜ್ ಅವರನ್ನು 1958ರ ಜೂನ್ 16ರಂದು ಗಲ್ಲಿಗೆ ಹಾಕಿ, ಗುರುತಿಲ್ಲದ ಜಾಗದಲ್ಲಿ ಹೂತರು. ಸರಿಯಾಗಿ 31 ವರ್ಷ ಕಳೆದು ಅದೇ ಜೂನ್ 16ರಂದು ಬುಡಾಪೆಸ್ಟ್‌ನ ದೊಡ್ಡ ಚೌಕದಲ್ಲಿ ಲಕ್ಷಾಂತರ ಜನ ಸೇರಿ ಮರ್ಯಾದೆಯಿಂದ ಮತ್ತೆ ಸಂಸ್ಕಾರ ಮಾಡಿದರು. ಅವತ್ತು ಯುವಕರ ಪರವಾಗಿ 26 ವರ್ಷದ ಒಬ್ಬ ಹುಡುಗ ಮೈಕಿನ ಮುಂದೆ ನಿಂತು, ಸೋವಿಯತ್ ಸೈನ್ಯ ಈ ದೇಶ ಬಿಟ್ಟು ಹೋಗಬೇಕು ಅಂತ ಎಲ್ಲರ ಎದುರು ಹೇಳಿದ. ಮೇಷ್ಟ್ರು ಅವನ ಫೋಟೋವನ್ನು ಹಲಗೆಗೆ ಅಂಟಿಸಿ, "ಈ ಮುಖ ನೆನಪಿಟ್ಟುಕೊಳ್ಳಿ" ಅಂದರು. ಫೋಟೋ ಆರೂ ವಾರ ಅಲ್ಲೇ ಇತ್ತು. ಆ ಹುಡುಗ ವಿಕ್ಟರ್ ಓರ್ಬಾನ್.

ನಾನು ಮೊದಲಿನಿಂದ ಹಳೇ ಕಮ್ಯುನಿಸ್ಟರೇ ವಾಪಸ್ ಬಂದಿರಬೇಕು ಅಂದುಕೊಂಡಿದ್ದೆ. ಅಲ್ಲ. ಸ್ವಾತಂತ್ರ್ಯ ಕೇಳಿದವನೇ ಮುಂದೆ ಬೇರೆಯವರ ಬಾಯಿ ಮುಚ್ಚಿಸಿದ. ಅವತ್ತು ಮನೆಗೆ ಹೋದರೂ ಇದೇ ತಲೆಯಲ್ಲಿ ಓಡುತ್ತಿತ್ತು.

ಓರ್ಬಾನ್ 1998ರಲ್ಲಿ ಮೊದಲ ಸಲ ಪ್ರಧಾನಿಯಾದರು, 2002ರಲ್ಲಿ ಸೋತರು, 2006ರಲ್ಲೂ ಸೋತರು. ಆಮೇಲೆ ಆಳುತ್ತಿದ್ದ ಸಮಾಜವಾದಿ ಪ್ರಧಾನಿ, ನಾವು ಜನರಿಗೆ ಸುಳ್ಳು ಹೇಳಿದೆವು ಅಂತ ಪಕ್ಷದ ಒಳಗಿನ ಸಭೆಯಲ್ಲಿ ಒಪ್ಪಿಕೊಂಡ ಮಾತು 2006ರಲ್ಲಿ ಹೊರಗೆ ಬಿತ್ತು. 2008ರಲ್ಲಿ ಹಣಕಾಸಿನ ಬಿಕ್ಕಟ್ಟು ಬಂತು. ಸ್ವಿಸ್ ಫ್ರಾಂಕ್ ಲೆಕ್ಕದಲ್ಲಿ ಮನೆ ಸಾಲ ಮಾಡಿದ್ದವರ ಕಂತು ಏರುತ್ತಾ ಹೋಯಿತು. ಜನ ರೋಸಿಹೋದರು. 2010ರಲ್ಲಿ ಓರ್ಬಾನ್ ಅವರ ಫಿದೆಸ್ ಪಕ್ಷಕ್ಕೆ ಶೇ 52.7 ಮತ ಬಂತು, 386ರಲ್ಲಿ 263 ಸೀಟು. ಮೂರನೇ ಎರಡು ಭಾಗ ದಾಟಿತು. ಅಲ್ಲಿ ಸಂಸತ್ತಿಗೆ ಒಂದೇ ಸದನ. ಮೂರನೇ ಎರಡು ಭಾಗ ಕೈಯಲ್ಲಿದ್ದರೆ ಸಂವಿಧಾನವನ್ನೇ ಬದಲಿಸಬಹುದು, ಬೇರೆ ಯಾರನ್ನೂ ಕೇಳಬೇಕಾಗಿಲ್ಲ. ಬದಲಿಸಿಯೂ ಬಿಟ್ಟರು. 2011ರ ಏಪ್ರಿಲ್‌ನಲ್ಲಿ ಹೊಸ ಸಂವಿಧಾನ ಪಾಸಾಯಿತು, 2012ರ ಜನವರಿ 1ರಿಂದ ಜಾರಿ.

ಈ ಕೋರ್ಸಿನ ಜೀವಾಳ ಅಂದರೆ ನಾಲ್ಕನೇ ವಾರ. ಆ ಒಂದು ದಿನಕ್ಕೇ 600 ಕೊಡಬಹುದು.

ಮೇಷ್ಟ್ರು ಒಂದು ಮೊರದ ತುಂಬಾ ಅಡಿಕೆ ತಂದಿದ್ದರು. 199 ಎಣಿಸಿ ಇಟ್ಟುಕೊಳ್ಳಿ ಅಂದರು. ನಾನೇ ಎಣಿಸಿದೆ, ದಿನಾ ಮಾಡುವ ಕೆಲಸ ಅಲ್ವಾ. ಫಿದೆಸ್ ಸರ್ಕಾರ ಸಂಸತ್ತಿನ ಸೀಟನ್ನು 386ರಿಂದ 199ಕ್ಕೆ ಇಳಿಸಿತ್ತು. ಅದರಲ್ಲಿ 106 ಕ್ಷೇತ್ರದ ಸೀಟು, 93 ಪಕ್ಷದ ಪಟ್ಟಿಯ ಸೀಟು, ಅಂದರೆ ಪಕ್ಷದ ಲೆಕ್ಕಕ್ಕೆ ಬಂದ ಮತಕ್ಕೆ ತಕ್ಕಂತೆ ಹಂಚುವವು. ಎರಡು ರಾಶಿ ಮಾಡಿದೆವು. ಕ್ಷೇತ್ರದ ಗಡಿಗಳನ್ನು ಹೊಸದಾಗಿ ಎಳೆದರು. ಮೊದಲು ಎರಡು ಸುತ್ತಿನ ಮತದಾನ ಇತ್ತು, ಮೊದಲ ಸುತ್ತಲ್ಲಿ ಸೋತ ಸಣ್ಣ ಪಕ್ಷದವರು ಎರಡನೇ ಸುತ್ತಿಗೆ ಒಟ್ಟಾಗಬಹುದಿತ್ತು. ಅದನ್ನು ತೆಗೆದು ಒಂದೇ ಸುತ್ತು ಮಾಡಿದರು. ಇನ್ನೊಂದಿದೆ. ಗೆದ್ದವನಿಗೆ ಗೆಲ್ಲಲು ಬೇಕಾದ್ದಕ್ಕಿಂತ ಜಾಸ್ತಿ ಬಿದ್ದ ಮತವನ್ನೂ ಅವನ ಪಕ್ಷದ ಪಟ್ಟಿಗೆ ಸೇರಿಸುವ ನಿಯಮ ತಂದರು. ಗೆದ್ದವನಿಗೇ ಮತ್ತೆ ಬೋನಸ್.

ಈಗ 2014ರ ಚುನಾವಣೆ. ಫಿದೆಸ್‌ಗೆ ಬಿದ್ದ ಮತ ಶೇ 44.9. 2010ಕ್ಕಿಂತ ಕಡಿಮೆ. ಆದರೆ 106 ಕ್ಷೇತ್ರದಲ್ಲಿ 96 ಅವರದ್ದೇ. ಪಟ್ಟಿಯಿಂದ 37. ನಾನು ಒಂದೊಂದೇ ಅಡಿಕೆಯನ್ನು ಎಡಕ್ಕೆ ಸರಿಸುತ್ತಾ ಹೋದೆ. 130, 131, 132, 133. ಮೇಷ್ಟ್ರು "ನಿಲ್ಲಿ" ಅಂದರು. 199ರಲ್ಲಿ ಮೂರನೇ ಎರಡು ಭಾಗಕ್ಕೆ ಎಷ್ಟು ಬೇಕು? 133. ಒಂದೂ ಜಾಸ್ತಿ ಇಲ್ಲ, ಒಂದೂ ಕಡಿಮೆ ಇಲ್ಲ. ನನ್ನ ಕೈಯಲ್ಲಿದ್ದ ಆ ಕೊನೇ ಅಡಿಕೆಯನ್ನು ಎಲ್ಲರೂ ನೋಡುತ್ತಿದ್ದರು. ಅರ್ಧಕ್ಕಿಂತ ಕಡಿಮೆ ಮತ, ಆದರೆ ಸಂವಿಧಾನ ತಿದ್ದುವ ಬಲ. 2015ರ ಫೆಬ್ರುವರಿಯಲ್ಲಿ ಒಂದೇ ಒಂದು ಉಪಚುನಾವಣೆ ಸೋತಾಗ ಆ ಬಲ ಹೋಯಿತಂತೆ. ಮೇಷ್ಟ್ರು ಆ ಅಡಿಕೆಯನ್ನು ವಾಪಸ್ ಬಲಕ್ಕೆ ಇಟ್ಟರು. ಅಂಥಾ ಲೆಕ್ಕ ಅದು.

ಕಾಗೋಡಿನ ಕಡೆಯಿಂದ ಬಸ್ಸಲ್ಲಿ ಬರುತ್ತಿದ್ದ ಅಜ್ಜ ಒಬ್ಬರಿದ್ದರು. ಜಾಸ್ತಿ ಮಾತಾಡುವವರಲ್ಲ. ಅವತ್ತು ಸುಮ್ನೆ ಮೊರ ನೋಡುತ್ತಾ, "ಭತ್ತ ಅದೇ ಮೇಷ್ಟ್ರೇ, ಕೊಳಗ ದೊಡ್ಡದು ಮಾಡಿದ್ದಾರೆ" ಅಂದರು. ಕೋಣೆ ನಿಶ್ಶಬ್ದ ಆಯಿತು. 1951ರ ಕಾಗೋಡು ಸತ್ಯಾಗ್ರಹ ಹುಟ್ಟಿದ್ದೇ ಗೇಣಿ ಅಳೆಯುವ ಕೊಳಗದ ತಕರಾರಿನಿಂದ, ನಮ್ಮ ಕಡೆಯವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂದಿನ ವಾರ ಅಜ್ಜ ಟವೆಲ್‌ನಲ್ಲಿ ಸುತ್ತಿಕೊಂಡು ಒಂದು ಹಳೇ ಮರದ ಕೊಳಗ ತಂದರು. ಹಿತ್ತಾಳೆಯ ಪಟ್ಟಿ ಬಿಗಿದದ್ದು, ಅಂಚು ಸವೆದು ನುಣುಪಾಗಿತ್ತು. ಕೋರ್ಸ್ ಮುಗಿಯುವವರೆಗೂ ಅದು ಮೇಷ್ಟ್ರ ಮೇಜಿನ ಮೇಲೆಯೇ ಇತ್ತು.

ವಿರೋಧ ಪಕ್ಷದವರು ಒಡೆದುಹೋಗಿದ್ದರು, ಅದಕ್ಕೇ ಸೋತರು ಅಂತ ಒಬ್ಬ ಹುಡುಗ ವಾದ ಮಾಡಿದ. ಮೇಷ್ಟ್ರು ಅದನ್ನು ತಳ್ಳಿಹಾಕಲಿಲ್ಲ, 2014ರ ಮಟ್ಟಿಗೆ ಹೌದು ಅಂದರು. ಇದು ನನಗೆ ಇಷ್ಟವಾಯಿತು. 2022ರಲ್ಲಿ ಆರು ಪಕ್ಷ ಒಟ್ಟಾಗಿ ನಿಂತರೂ ಫಿದೆಸ್‌ಗೆ 135 ಸೀಟು ಬಂತು. ಆ ಚುನಾವಣೆಯಲ್ಲಿ ವಿರೋಧ ಪಕ್ಷಗಳ ಪ್ರಧಾನಿ ಅಭ್ಯರ್ಥಿಗೆ ಸರ್ಕಾರಿ ಟಿವಿಯಲ್ಲಿ ಮಾತಾಡಲು ಸಿಕ್ಕಿದ್ದು ಐದು ನಿಮಿಷ. ಇಡೀ ಪ್ರಚಾರದಲ್ಲಿ ಐದೇ ನಿಮಿಷ!

ನ್ಯಾಯಾಧೀಶರ ವಿಷಯ ಮಂಡಿಯಲ್ಲಿ ಕೂತವಳಿಗೆ ಬೇಗ ಅರ್ಥವಾಯಿತು. ನಮ್ಮ ತೂಕದ ಯಂತ್ರಕ್ಕೆ ನಾವೇ ಸೀಲು ಹಾಕಿಕೊಳ್ಳುವ ಹಾಗಿಲ್ಲ, ಇಲಾಖೆಯವರೇ ಬಂದು ಪರೀಕ್ಷೆ ಮಾಡಬೇಕು. ಹಂಗೇರಿಯಲ್ಲಿ ಸೀಲು ಹಾಕುವವರನ್ನೇ ಮನೆಗೆ ಕಳಿಸಿದರು. ನ್ಯಾಯಾಧೀಶರ ನಿವೃತ್ತಿ ವಯಸ್ಸನ್ನು 70ರಿಂದ ಒಮ್ಮೆಲೇ 62ಕ್ಕೆ ಇಳಿಸಿದರು. 270ಕ್ಕೂ ಜಾಸ್ತಿ ಹಿರಿಯ ನ್ಯಾಯಾಧೀಶರಿಗೆ ಅದರ ಬಿಸಿ ತಟ್ಟಿತು. ಇದು ತಪ್ಪು ಅಂತ ಯುರೋಪಿನ ನ್ಯಾಯಾಲಯ 2012ರ ನವೆಂಬರ್‌ನಲ್ಲಿ ಹೇಳಿತು. ಅಷ್ಟರಲ್ಲಿ ಎಷ್ಟೋ ಕುರ್ಚಿಗಳಲ್ಲಿ ಹೊಸಬರು ಕೂತಾಗಿತ್ತು.

ಪತ್ರಿಕೆಗಳ ಪಾಠ ಕೇಳಿ ಸಂಕಟವಾಯಿತು. ನೇಪ್‌ಸಬಾದ್‌ಶಾಗ್ ಅಂತ ಅಲ್ಲಿನ ದೊಡ್ಡ ದಿನಪತ್ರಿಕೆ, ಸರ್ಕಾರವನ್ನು ಪ್ರಶ್ನಿಸುತ್ತಿತ್ತು. ಹೊಸ ಆಫೀಸಿಗೆ ಹೋಗುತ್ತೇವೆ, ಸಾಮಾನು ಕಟ್ಟಿ ಅಂತ ಸಿಬ್ಬಂದಿಗೆ ಹೇಳಿದ್ದರಂತೆ. ಅವರು ಪುಸ್ತಕ, ಕಾಗದ ಎಲ್ಲ ಪೆಟ್ಟಿಗೆಗೆ ತುಂಬಿ ಇಟ್ಟರು. 2016ರ ಅಕ್ಟೋಬರ್ 8, ಶನಿವಾರ ಬೆಳಿಗ್ಗೆ ಪತ್ರಿಕೆ ನಿಂತಿದೆ ಅನ್ನುವ ಸುದ್ದಿ ಬಂತು. ನಷ್ಟ ಅಂತ ಕಾರಣ ಕೊಟ್ಟರು. ಕೆಲವೇ ವಾರದಲ್ಲಿ ಆ ಪ್ರಕಾಶನ ಕಂಪನಿ ಓರ್ಬಾನ್ ಅವರ ಊರಿನ ಗೆಳೆಯ ಲೋರಿಂಟ್ಸ್ ಮೇಸಾರೊಶ್ ನಂಟಿನವರ ಕೈಗೆ ಹೋಯಿತು. ಜಿಲ್ಲಾ ಪತ್ರಿಕೆಗಳೂ ಒಂದೊಂದಾಗಿ ಸರ್ಕಾರದ ಕಡೆಯವರ ಪಾಲಾದವು. 2018ರ ಕೊನೆಗೆ 400ಕ್ಕೂ ಜಾಸ್ತಿ ಪತ್ರಿಕೆ, ರೇಡಿಯೋ, ವೆಬ್‌ಸೈಟುಗಳು ಒಂದೇ ಪ್ರತಿಷ್ಠಾನದ ಅಡಿ ಸೇರಿದವು. ಯಾರನ್ನೂ ಜೈಲಿಗೆ ಹಾಕಬೇಕಾಗಲಿಲ್ಲ. ಮಂಡಿಗೆ ಬೆಳಿಗ್ಗೆ ಶಿವಮೊಗ್ಗದ ಎರಡು ಮೂರು ಪತ್ರಿಕೆ ಬರುತ್ತವೆ, ಒಂದರಲ್ಲಿ ಬಂದದ್ದು ಇನ್ನೊಂದರಲ್ಲಿ ಇರುವುದಿಲ್ಲ. ಅದಕ್ಕೆ ನಾನು ಮೊದಲು ಬೇಜಾರು ಮಾಡಿಕೊಳ್ಳುತ್ತಿದ್ದೆ. ಈಗ ಅದು ಇರುವುದೇ ಒಳ್ಳೆಯದು ಅನ್ನಿಸುತ್ತದೆ.

ಇನ್ನು ಕೊರತೆಗಳು. ಜೋರು ಮಳೆ ಬಂದರೆ ತಗಡಿನ ಸದ್ದಿಗೆ ಏನೂ ಕೇಳುವುದಿಲ್ಲ. ಮೂರನೇ ವಾರ ಅರ್ಧ ಗಂಟೆ ಹಾಗೇ ಹೋಯಿತು. ಸಣ್ಣದೊಂದು ಮೈಕ್ ತರಿಸಿ, ದಯವಿಟ್ಟು. ಮೆಟ್ಟಿಲು ಕಡಿದು, ವಯಸ್ಸಾದವರಿಗೆ ಹಿಡಿದುಕೊಳ್ಳಲು ಏನೂ ಇಲ್ಲ. ಕೊಟ್ಟ ಟಿಪ್ಪಣಿಯಲ್ಲಿ ಸಂವಿಧಾನದ ಭಾಗ ಪೂರ್ತಿ ಇಂಗ್ಲಿಷಿನಲ್ಲಿದೆ. ಅರ್ಧ ಜನ ಅದನ್ನು ಓದಲೇ ಇಲ್ಲ.

ದೊಡ್ಡ ಕೊರತೆ ಬೇರೆ. ಜನ ಮತ್ತೆ ಮತ್ತೆ ಯಾಕೆ ಗೆಲ್ಲಿಸಿದರು ಅನ್ನುವುದಕ್ಕೆ ಮೇಷ್ಟ್ರು ಹತ್ತೇ ನಿಮಿಷ ಕೊಟ್ಟರು. 2013ರಲ್ಲಿ ಮನೆಯ ಕರೆಂಟು, ಗ್ಯಾಸ್ ಬಿಲ್ ಇಳಿಸಿದರು. ಮಕ್ಕಳಿರುವ ಕುಟುಂಬಗಳಿಗೆ ತೆರಿಗೆಯಲ್ಲಿ ವಿನಾಯಿತಿ ಕೊಟ್ಟರು, 2020ರಿಂದ ನಾಲ್ಕು ಮಕ್ಕಳನ್ನು ಸಾಕಿದ ತಾಯಂದಿರಿಗೆ ಆದಾಯ ತೆರಿಗೆಯೇ ಇಲ್ಲ. ತಿಂಗಳ ಬಿಲ್ ಕಡಿಮೆ ಬಂದರೆ ಯಾರಿಗಾದರೂ ಖುಷಿಯೇ, ನನಗೂ ಖುಷಿಯೇ. ಮತ ಹಾಕಿದವರೆಲ್ಲ ಮೋಸ ಹೋದವರು ಅಂತ ದಾಟಿಸಿದರೆ ಪಾಠ ಅರ್ಧಕ್ಕೇ ನಿಂತ ಹಾಗೆ. ಇದನ್ನು ಮೇಷ್ಟ್ರಿಗೂ ಹೇಳಿದೆ. "ಸರಿ ತಂಗೀ, ಅದಕ್ಕೇ ಒಂದು ವಾರ ಇಡಬೇಕಿತ್ತು" ಅಂತ ಒಪ್ಪಿಕೊಂಡರು.

ಕೊನೇ ವಾರ ಗಡಿಬಿಡಿಯಾಯಿತು. 2022ರ ಸೆಪ್ಟೆಂಬರ್‌ನಲ್ಲಿ ಯುರೋಪಿನ ಸಂಸತ್ತು ಹಂಗೇರಿಯನ್ನು ಇನ್ನು ಪೂರ್ಣ ಪ್ರಜಾಪ್ರಭುತ್ವ ಅನ್ನಲಾಗದು, ಚುನಾವಣೆ ನಡೆಸುವ ನಿರಂಕುಶ ಆಡಳಿತ ಅಂತ ನಿರ್ಣಯ ಮಾಡಿತು, ಪರ 433, ವಿರುದ್ಧ 123. ಪಾಠ ಅಲ್ಲಿಗೇ ನಿಂತಿತು. 2024ರಲ್ಲಿ ಒಂದು ಕ್ಷಮಾದಾನದ ವಿವಾದಕ್ಕೆ ರಾಷ್ಟ್ರಪತಿಯೇ ರಾಜೀನಾಮೆ ಕೊಟ್ಟದ್ದು, ಫಿದೆಸ್ ಬಳಗದಿಂದಲೇ ಹೊರಬಂದ ಪೇಟರ್ ಮಾಜಾರ್ ಅವರ ಹೊಸ ಪಕ್ಷ ಅದೇ ವರ್ಷ ಜೂನ್‌ನಲ್ಲಿ ಯುರೋಪಿನ ಸಂಸತ್ತಿನ ಚುನಾವಣೆಯಲ್ಲಿ ಸುಮಾರು ಶೇ 30 ಮತ ತೆಗೆದದ್ದು, ಇದೆಲ್ಲ ಬರಲೇ ಇಲ್ಲ. ಅಷ್ಟು ಕಷ್ಟದ ಲೆಕ್ಕದ ನಡುವೆಯೂ ಜನ ಅಲುಗಾಡಿಸಿದರು ಅನ್ನುವುದನ್ನು ಕೇಳದೆ ನಾವು ಮೆಟ್ಟಿಲಿಳಿದೆವು. ಏಳನೇ ಭಾನುವಾರ ಸೇರಿಸಿ, ಬೇಕಾದರೆ 100 ರೂಪಾಯಿ ಜಾಸ್ತಿ ತಗೊಳ್ಳಿ.

ದೀಪಾವಳಿ ಕಳೆದ ಮೇಲೆ ಇದೇ ಪಾಠ ಮತ್ತೆ ಶುರುವಾಗುತ್ತದೆ. ಹೋಗುವವರು ಹತ್ತೂಕಾಲಿಗೇ ಹೋಗಿ, ಮುಂದಿನ ಸಾಲಿನ ಕುರ್ಚಿ ಸಿಕ್ಕರೆ ಮೊರ ಚೆನ್ನಾಗಿ ಕಾಣುತ್ತದೆ. ಡಿಗ್ರಿ ಓದುತ್ತಿರುವ ನನ್ನ ಮಗಳ ಹೆಸರು ಬರೆಸಿ ಬಂದಿದ್ದೇನೆ. ಅಜ್ಜ ಕೊಳಗವನ್ನು ವಾಚನಾಲಯದಲ್ಲೇ ಬಿಟ್ಟು ಹೋಗಿದ್ದಾರೆ.