ಐರ್ಲೆಂಡಿನ ಹಳೇ ಚರ್ಚ್ ರಿಜಿಸ್ಟರ್‌ಗಳು: ಐದು ವರ್ಷ ಕಣ್ಣು ಸವೆಸಿದ ಮೇಲೆ

ನನ್ನ ತವರು ಗದಗ ಕಡೆಯ ಹಳ್ಳಿ. ಚಿಕ್ಕವಳಿದ್ದಾಗ ಸುಗ್ಗಿ ಮುಗಿದ ಮೇಲೆ ನಮ್ಮೂರಿಗೆ ಹೆಳವರು ಬರುತ್ತಿದ್ದರು. ಕಟ್ಟೆ ಮೇಲೆ ಕೂತು ನಮ್ಮ ಮನೆತನದ ಹೆಸರುಗಳನ್ನು ತಲೆಮಾರು ತಲೆಮಾರಾಗಿ ಹೇಳಿ, ಜೋಳ ಹಾಕಿಸಿಕೊಂಡು ಮುಂದಿನ ಮನೆಗೆ ಹೋಗುತ್ತಿದ್ದರು. ಮದುವೆಯಾಗಿ ಐರ್ಲೆಂಡಿನ ಕಾರ್ಕ್‌ಗೆ ಬಂದೆ. ಒಂದು ದಿನ ಅತ್ತೆ, "ನಮ್ಮ ಅಜ್ಜಿಯ ಅಜ್ಜಿ ಯಾವ ಊರಿನವಳೋ, ಯಾರಿಗೂ ಗೊತ್ತಿಲ್ಲ" ಅಂದರು. ನನಗೆ ಥಟ್ಟನೆ ನೆನಪಾದದ್ದು ಹೆಳವರು. (ಇಲ್ಲಿ ಅತ್ತೆಯನ್ನು ಹೆಸರು ಹಿಡಿದೇ ಕರೆಯುತ್ತಾರೆ. ನನ್ನ ನಾಲಿಗೆ ಇನ್ನೂ ತಿರುಗಿಲ್ಲ.)

2020ರ ಲಾಕ್‌ಡೌನಿನಲ್ಲಿ ಬೇರೆ ಕೆಲಸ ಇರಲಿಲ್ಲ. ಹುಡುಕೋಣ ಅಂತ ಕೂತೆ.

ನಾನು ಜಾಸ್ತಿ ಬಳಸಿದ್ದು ನ್ಯಾಷನಲ್ ಲೈಬ್ರರಿ ಆಫ್ ಐರ್ಲೆಂಡ್‌ನ ಜಾಲತಾಣ. ಕ್ಯಾಥೊಲಿಕ್ ಪ್ಯಾರಿಷ್‌ಗಳ ಜ್ಞಾನಸ್ನಾನ ಮತ್ತು ಮದುವೆ ಪುಸ್ತಕಗಳನ್ನು ಹಿಂದೆ ಮೈಕ್ರೋಫಿಲ್ಮ್ ಮಾಡಿ ಇಟ್ಟಿದ್ದರು. (ಪ್ಯಾರಿಷ್ ಅಂದರೆ ಒಂದು ಚರ್ಚಿನ ಪಾದ್ರಿಯ ವ್ಯಾಪ್ತಿಗೆ ಸೇರಿದ ಊರುಗಳು. ಜ್ಞಾನಸ್ನಾನ ಅಂದರೆ ಮಗುವನ್ನು ಚರ್ಚಿಗೆ ಸೇರಿಸಿಕೊಳ್ಳುವ ಶಾಸ್ತ್ರ.) 2015ರ ಜುಲೈನಲ್ಲಿ ಅವುಗಳ ಚಿತ್ರಗಳನ್ನೆಲ್ಲ ಪುಕ್ಕಟೆ ನೋಡಲು ಬಿಟ್ಟರು. ಸಾವಿರಕ್ಕೂ ಹೆಚ್ಚು ಪ್ಯಾರಿಷ್, ಮೂರೂವರೆ ಲಕ್ಷಕ್ಕೂ ಮೀರಿದ ಚಿತ್ರಗಳು. ಹೆಚ್ಚಿನ ಪುಸ್ತಕಗಳು 1880ರ ಆಸುಪಾಸಿಗೆ ನಿಲ್ಲುತ್ತವೆ. ಲಾಗಿನ್ ಬೇಡ, ದುಡ್ಡು ಬೇಡ.

ಆದರೆ ಅಲ್ಲಿ ಹೆಸರು ಹಾಕಿ ಹುಡುಕಲು ಆಗುವುದಿಲ್ಲ. ಮೊದಲು ಪ್ಯಾರಿಷ್ ಗೊತ್ತಿರಬೇಕು. ಆಮೇಲೆ ವರ್ಷ, ತಿಂಗಳು ಆರಿಸಿಕೊಂಡು ಪುಟ ಪುಟ ತಿರುವಬೇಕು. "ಕಾರ್ಕ್‌ನ ಸಲಿವನ್" ಅಂತ ಹುಡುಕುವುದೂ ಒಂದೇ, ನಮ್ಮ ಕಡೆ "ಉತ್ತರ ಕರ್ನಾಟಕದ ಪಾಟೀಲ" ಅಂತ ಹುಡುಕುವುದೂ ಒಂದೇ. ಕ್ಯಾಥೊಲಿಕ್ ಪ್ಯಾರಿಷ್ ಬೇರೆ, ಸರ್ಕಾರಿ ಲೆಕ್ಕದ ಸಿವಿಲ್ ಪ್ಯಾರಿಷ್ ಬೇರೆ ಅನ್ನುವುದು ತಿಳಿಯಲು ನನಗೆ ಎರಡು ತಿಂಗಳು ಬೇಕಾಯಿತು. ಎರಡರ ಗಡಿಯೂ ಒಂದಲ್ಲ, ಎಷ್ಟೋ ಕಡೆ ಹೆಸರೂ ಒಂದಲ್ಲ. ಅವುಗಳ ಕೆಳಗೆ ಟೌನ್‌ಲ್ಯಾಂಡ್ ಅಂತ ಇನ್ನೂ ಸಣ್ಣ ತುಂಡು. ಟೌನ್ ಅಂತ ಹೆಸರಿದ್ದರೂ ಅದು ಪಟ್ಟಣವಲ್ಲ, ಹೊಲಮನೆಗಳ ಗುಂಪು. ಇಡೀ ದ್ವೀಪದಲ್ಲಿ ಇಂಥವು 60 ಸಾವಿರಕ್ಕೂ ಹೆಚ್ಚು. ಇದಕ್ಕೆ ಗ್ರಿಫಿತ್ ವ್ಯಾಲ್ಯುಯೇಷನ್ ಕೈ ಹಿಡಿಯಿತು. ಅದು 1847ರಿಂದ 1864ರವರೆಗೆ ಮಾಡಿದ ಜಮೀನು-ಮನೆ ತೆರಿಗೆಯ ಪಟ್ಟಿ. ಅದೂ ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಅತ್ತೆ ಹೇಳಿದ ಟೌನ್‌ಲ್ಯಾಂಡ್ ಅಲ್ಲಿ ಸಿಕ್ಕಿದ ಮೇಲೆ ಪ್ಯಾರಿಷ್ ಯಾವುದು ಅನ್ನುವುದು ಬಿಡಿಸಿಕೊಂಡಿತು.

ಹೆಸರು ಹಾಕಿ ಹುಡುಕುವ ಸೌಕರ್ಯ ಬೇರೆ ಕಡೆ ಇದೆ. ಐರಿಷ್‌ಜೀನಿಯಾಲಜಿ ಡಾಟ್ ಐಇ ಸರ್ಕಾರದ್ದು, ಪುಕ್ಕಟೆ. ಆದರೆ ಚರ್ಚ್ ದಾಖಲೆ ಅಂದರೆ ಅಲ್ಲಿರುವುದು ಕೆರಿ, ಕಾರ್ಲೋ, ಡಬ್ಲಿನ್ ನಗರ ಮತ್ತು ಕಾರ್ಕ್‌ನ ಒಂದು ಭಾಗ. ನಮಗೆ ಬೇಕಾದದ್ದು ಉತ್ತರ ಕಾರ್ಕ್. ಹಾಗಾಗಿ ದುಡ್ಡು ಕೊಟ್ಟು ಒಂದು ಸೈಟಿಗೆ ಚಂದಾದಾರಳಾದೆ. ಅದರ ಹೆಸರು ಇಲ್ಲಿ ಬೇಡ. ಅತ್ತೆಯ ಅಜ್ಜಿಯ ಅಜ್ಜಿ ನೋರಾ, ಮದುವೆಗೆ ಮುಂಚೆ ಅವಳ ಮನೆಹೆಸರು ಲೇಹಿ. ಎರಡು ಚಳಿಗಾಲ ಹುಡುಕಿದೆ, ಸಿಗಲಿಲ್ಲ. ಕೊನೆಗೆ ಲೈಬ್ರರಿಯ ಚಿತ್ರಗಳನ್ನೇ ಸುಮ್ನೆ ತಿರುವುತ್ತಾ ಕೂತಾಗ ಒಂದು ಪುಟದಲ್ಲಿ ಅವಳು ಕಣ್ಣಿಗೆ ಬಿದ್ದಳು. ಸೈಟಿನವರು ಲೇಹಿಯನ್ನು ಲಿಯರಿ ಅಂತ ಓದಿಬಿಟ್ಟಿದ್ದರು. ಪಾದ್ರಿಯ ಕೈಬರಹ ನೋಡಿದರೆ ಅವರನ್ನು ಪೂರ್ತಿ ಬೈಯುವ ಹಾಗೂ ಇಲ್ಲ. ಆದರೂ ಎರಡು ವರ್ಷದ ಚಂದಾ ನನ್ನದು ತಾನೇ!

ಅಲ್ಲಿಂದ ಒಂದು ರೂಢಿ ಮಾಡಿಕೊಂಡಿದ್ದೇನೆ. ಸೂಚಿಯಲ್ಲಿ, ಅಂದರೆ ಸೈಟಿನವರು ಓದಿ ಮಾಡಿಟ್ಟ ಹೆಸರುಗಳ ಪಟ್ಟಿಯಲ್ಲಿ, ಸಿಕ್ಕಿದ್ದನ್ನು ಚಿತ್ರದಲ್ಲಿ ನೋಡದೆ ನಂಬುವುದಿಲ್ಲ. ಸೂಚಿಯಲ್ಲಿ ಸಿಗದಿದ್ದರೆ, ಇಲ್ಲ ಅಂತಲೂ ನಂಬುವುದಿಲ್ಲ.

ಓದುವ ಕಷ್ಟವನ್ನೂ ಹೇಳಲೇಬೇಕು. ಕಪ್ಪು-ಬಿಳುಪು ಫಿಲ್ಮು. ಶಾಯಿ ಹರಡಿದೆ, ಅಂಚು ಹರಿದಿದೆ, ಕೆಲವು ಪುಟಗಳು ಒದ್ದೆ ಗೋಡೆಯ ಹಾಗೆ. ಎಷ್ಟೋ ಪುಸ್ತಕ ಲ್ಯಾಟಿನ್ನಿನಲ್ಲಿದೆ. ಭಾಷೆ ಬರದಿದ್ದರೂ ನಡೆಯುತ್ತದೆ, ಇಪ್ಪತ್ತು ಪದ ಕಲಿತರೆ ಸಾಕು. ತೊಡಕು ಇರುವುದು ಹೆಸರುಗಳಲ್ಲಿ. ಜೇಮ್ಸ್ ಅಲ್ಲಿ ಜಾಕೋಬಸ್, ವಿಲಿಯಂ ಗುಲಿಯೆಲ್ಮಸ್, ಓವೆನ್ ಯುಜೀನಿಯಸ್. ಮನೆಯಲ್ಲಿ ಐರಿಷ್ ಭಾಷೆಯಲ್ಲಿ ಟೈಗ್ ಅಂತ ಕರೆಸಿಕೊಂಡವನು ಇಂಗ್ಲಿಷಿನಲ್ಲಿ ತಿಮಥಿ, ಲ್ಯಾಟಿನ್ನಿನಲ್ಲಿ ಥಡೇಯಸ್. ನಮ್ಮ ನೋರಾ ಒಂದು ಕಡೆ ಹೊನೋರಾ, ಇನ್ನೊಂದು ಕಡೆ ಹನೋರಾ. ಮನೆಹೆಸರಿನ ಮೊದಲಿಗೆ ಬರುವ 'ಓ' ಬೇಕಾದಾಗ ಇರುತ್ತದೆ, ಬೇಡದಾಗ ಇರುವುದಿಲ್ಲ.

ಇಷ್ಟೆಲ್ಲ ಗೋಳಾಡಿಯೂ ಐದು ವರ್ಷ ಬಿಡದೆ ಬಳಸಿದ್ದು ಯಾಕೆ? ಈ ಪುಸ್ತಕಗಳಲ್ಲಿ ಹೆಂಗಸರು ಕಳೆದುಹೋಗುವುದಿಲ್ಲ. ಕ್ಯಾಥೊಲಿಕ್ ಪಾದ್ರಿಗಳು ಮಗುವಿನ ತಾಯಿಯ ತವರಿನ ಹೆಸರನ್ನು ಸಾಮಾನ್ಯವಾಗಿ ಬರೆಯುತ್ತಿದ್ದರು. ಜೊತೆಗೆ ಇಬ್ಬರು ಜ್ಞಾನಪೋಷಕರ, ಅಂದರೆ ಜ್ಞಾನಸ್ನಾನದಲ್ಲಿ ಮಗುವಿನ ಪರವಾಗಿ ನಿಲ್ಲುವವರ, ಹೆಸರು. ಮೊದಲ ವರ್ಷ ಈ ಪೋಷಕರ ಹೆಸರುಗಳನ್ನು ನಾನು ಬರೆದುಕೊಳ್ಳಲೇ ಇಲ್ಲ. ಅದು ನನ್ನ ದಡ್ಡತನ. ನೋರಾಳ ಮೂರು ಮಕ್ಕಳಿಗೆ ಬೇರೆ ಬೇರೆ ಲೇಹಿಗಳು ಪೋಷಕರಾಗಿದ್ದಾರೆ. ಅದರಲ್ಲಿ ಒಬ್ಬಳ ಹೆಸರಿನ ಪಕ್ಕ ಪಾದ್ರಿ ಟೌನ್‌ಲ್ಯಾಂಡ್ ಕೂಡ ಬರೆದಿದ್ದಾನೆ. ಅದು ಪಕ್ಕದ ಪ್ಯಾರಿಷ್! ಮದುವೆ ಸಾಮಾನ್ಯವಾಗಿ ಹೆಣ್ಣಿನ ಪ್ಯಾರಿಷ್‌ನಲ್ಲಿ ಆಗುತ್ತಿತ್ತು. ನಾನೋ ಗಂಡಿನ ಕಡೆಯ ಪುಸ್ತಕದಲ್ಲೇ ತಲೆ ಕೆಡಿಸಿಕೊಂಡಿದ್ದೆ.

ಪಕ್ಕದ ಪ್ಯಾರಿಷ್‌ನ ಪುಸ್ತಕದಲ್ಲಿ ಫೆಬ್ರವರಿ ಪುಟಗಳನ್ನು ಮೊದಲು ತೆಗೆದೆ. ಈಸ್ಟರ್‌ಗೆ ಮುಂಚಿನ ಉಪವಾಸ ಕಾಲದಲ್ಲಿ ಮದುವೆ ಇಲ್ಲ. ಅದಕ್ಕೇ ಅದು ಶುರುವಾಗುವ ಮುಂಚಿನ ದಿನಗಳಲ್ಲಿ ಮದುವೆಗಳ ಜಾತ್ರೆ, ಆಷಾಢಕ್ಕೆ ಮುಂಚೆ ನಮ್ಮಲ್ಲಿ ಆಗುವ ಹಾಗೆ. 1857ರ ಫೆಬ್ರವರಿಯಲ್ಲಿ ನೋರಾ ಸಿಕ್ಕಿದಳು. ಪಕ್ಕದಲ್ಲಿ ಲ್ಯಾಟಿನ್ನಿನ ಸಣ್ಣ ಟಿಪ್ಪಣಿ: ಮೂರನೇ ಹಂತದ ರಕ್ತಸಂಬಂಧ, ಅನುಮತಿ ಪಡೆದಿದೆ. ಅಂದರೆ ಗಂಡ ಹೆಂಡತಿ ಇಬ್ಬರಿಗೂ ಮುತ್ತಜ್ಜ ಒಬ್ಬನೇ. ಅತ್ತೆಗೆ ಇದನ್ನು ಹೇಳಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಹೇಳಿದಾಗ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮ ಕಡೆ ಸೋದರಮಾವನನ್ನೇ ಮದುವೆಯಾಗುವುದುಂಟು ಅಂದೆ. ನಗು ನಿಂತಿತು.

ವಯಸ್ಸಿನ ವಿಷಯದಲ್ಲಂತೂ ಈ ರಿಜಿಸ್ಟರ್‌ಗಳಷ್ಟು ನೆಟ್ಟಗಿನ ಸಾಕ್ಷಿ ಬೇರೆ ಇಲ್ಲ. 1901ರ ಜನಗಣತಿಯಲ್ಲಿ ನೋರಾಗೆ 58, 1911ರಲ್ಲಿ 72. ಹತ್ತು ವರ್ಷದಲ್ಲಿ ಹದಿನಾಲ್ಕು ವರ್ಷ ದೊಡ್ಡವಳಾಗಿದ್ದಾಳೆ! ನಡುವೆ 1909ರ ಜನವರಿಯಿಂದ ವೃದ್ಧಾಪ್ಯ ಪಿಂಚಣಿ ಬಂದಿತ್ತು. 70 ತುಂಬಿದವರಿಗೆ ವಾರಕ್ಕೆ ಹೆಚ್ಚೆಂದರೆ 5 ಶಿಲಿಂಗ್. ಪಿಂಚಣಿಗೋಸ್ಕರ ಸುಳ್ಳು ಹೇಳಿದ್ದಾಳೆ ಅಂದುಕೊಂಡೆ. ಜ್ಞಾನಸ್ನಾನದ ಪುಸ್ತಕ ನೋಡಿದರೆ 1838. ಸುಳ್ಳು ಇದ್ದದ್ದು 1901ರದ್ದು. ಇನ್ನೊಂದು ತಮಾಷೆ ಅಂದರೆ, ಅವಳ ಕೊನೆಯ ಮಗ ಹುಟ್ಟುವುದಕ್ಕೆ ಹತ್ತು ದಿನ ಮುಂಚೆಯೇ ಜ್ಞಾನಸ್ನಾನ ಮಾಡಿಸಿಕೊಂಡಿದ್ದಾನೆ. 1864ರಿಂದ ಜನನ ನೋಂದಣಿ ಎಲ್ಲರಿಗೂ ಕಡ್ಡಾಯ, ತಡವಾದರೆ ದಂಡ. ಹಾಗಾಗಿ ಎಷ್ಟೋ ಜನ ಸರ್ಕಾರಿ ಕಚೇರಿಯಲ್ಲಿ ಹುಟ್ಟಿದ ದಿನವನ್ನು ಮುಂದಕ್ಕೆ ತಳ್ಳಿ ಹೇಳುತ್ತಿದ್ದರು. ಪಾದ್ರಿಯ ಮುಂದೆ ಆ ಅಗತ್ಯ ಇರಲಿಲ್ಲ.

ಸಾವಿನ ದಾಖಲೆ ಬೇಕಾದರೆ ಇವುಗಳನ್ನು ನೆಚ್ಚಬೇಡಿ. ದಕ್ಷಿಣದ ಕಡೆ ಕ್ಯಾಥೊಲಿಕ್ ಪಾದ್ರಿಗಳು ಸಮಾಧಿ ಮಾಡಿದ್ದನ್ನು ಬರೆದಿಟ್ಟದ್ದು ಬಹಳ ಕಡಿಮೆ. 1845ರಿಂದ ಶುರುವಾದ ಆಲೂಗಡ್ಡೆ ಬರದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ನಾನು ನೋಡಿದ ಪುಸ್ತಕದಲ್ಲಿ ಆ ಸಾವುಗಳ ಬಗ್ಗೆ ಒಂದು ಸಾಲೂ ಇಲ್ಲ. 1847ಕ್ಕೆ ಬರುವ ಹೊತ್ತಿಗೆ ಮದುವೆಗಳು ನಿಲ್ಲುತ್ತಾ ಬರುತ್ತವೆ, ಒಂದು ತಿಂಗಳ ಮಕ್ಕಳ ಹೆಸರು ಅರ್ಧ ಪುಟದಲ್ಲೇ ಮುಗಿದುಹೋಗುತ್ತದೆ. ಅಷ್ಟೇ. ಆ ರಾತ್ರಿ ಲ್ಯಾಪ್‌ಟಾಪ್ ಮುಚ್ಚಿ ಎದ್ದುಬಿಟ್ಟೆ.

ಬೆಂಗಳೂರಿನ ದಂಡಿನಲ್ಲಿದ್ದ ಐರಿಷ್ ಸಿಪಾಯಿಗಳ ವಂಶದವರು ಯಾರಾದರೂ ಇದನ್ನು ಓದುತ್ತಿದ್ದರೆ, ನೇರವಾಗಿ ಇಲ್ಲಿಗೆ ಬರಬೇಡಿ. ಮದರಾಸು ಪ್ರಾಂತ್ಯದ ಚರ್ಚ್ ದಾಖಲೆಗಳ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ, ಅಲ್ಲಿಂದ ಶುರು ಮಾಡಿ. ಆಮೇಲೆ ಸಿಪಾಯಿಯ ಸೇನಾ ಕಾಗದ ಹುಡುಕಿ. ಅದರಲ್ಲಿ ಹುಟ್ಟಿದ ಪ್ಯಾರಿಷ್ ಬರೆದಿರುವುದುಂಟು. ಅದು ಕೈಗೆ ಬಂದರೆ ಮಾತ್ರ ಈ ಪುಸ್ತಕಗಳು ಉಪಯೋಗಕ್ಕೆ ಬರುತ್ತವೆ.

ಲೈಬ್ರರಿಯ ಜಾಲತಾಣಕ್ಕೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ದುಡ್ಡಿನ ಸೈಟಿಗೆ ಎರಡೂವರೆ. ಅದನ್ನು ವರ್ಷಕ್ಕೆಲ್ಲ ತೆಗೆದುಕೊಳ್ಳಬೇಡಿ. ಹುಡುಕಬೇಕಾದ ಹೆಸರುಗಳನ್ನು ಪಟ್ಟಿ ಮಾಡಿಟ್ಟುಕೊಂಡು ಒಂದು ತಿಂಗಳಿಗೆ ತೆಗೆದುಕೊಳ್ಳಿ. ತಾನಾಗಿ ಮುಂದುವರಿಯುವ ಆಯ್ಕೆಯನ್ನು ಮೊದಲ ದಿನವೇ ನಿಲ್ಲಿಸಿ.

ಈಗ ಅತ್ತೆಗೆ ತಮ್ಮ ತಂದೆಯ ಕಡೆಯವರೂ ಬೇಕಂತೆ. ಅವರು ಕ್ಯಾಥೊಲಿಕ್ ಅಲ್ಲ, ಪ್ರಾಟೆಸ್ಟಂಟ್ ಪಂಥವಾದ ಚರ್ಚ್ ಆಫ್ ಐರ್ಲೆಂಡ್‌ನವರು. ಆ ಚರ್ಚಿನ ಎಷ್ಟೋ ಪ್ಯಾರಿಷ್‌ಗಳ ಹಳೇ ಪುಸ್ತಕಗಳನ್ನು ಭದ್ರವಾಗಿರಲಿ ಅಂತ ಡಬ್ಲಿನ್‌ನ ಪಬ್ಲಿಕ್ ರೆಕಾರ್ಡ್ ಆಫೀಸಿಗೆ ತಂದಿಟ್ಟಿದ್ದರು. 1922ರ ಜೂನ್ 30ರಂದು, ಅಂತರ್ಯುದ್ಧದ ಶುರುವಿನಲ್ಲೇ, ಅದು ಸ್ಫೋಟವಾಗಿ ಸುಟ್ಟುಹೋಯಿತು. ಅವರ ಪ್ಯಾರಿಷ್‌ನ ಪುಸ್ತಕವೂ ಅದರಲ್ಲಿತ್ತು. ಕ್ಯಾಥೊಲಿಕ್ಕೇತರ ಮದುವೆಗಳ ಸರ್ಕಾರಿ ನೋಂದಣಿ 1845ರಿಂದ ಇದೆ, ಅಲ್ಲಿಯವರೆಗೆ ಹೋಗಿ ನಿಂತಿದ್ದೇನೆ. ಅತ್ತೆ ಮಾತ್ರ ಪ್ರತಿ ಭಾನುವಾರ ಚಹಾ ಕುಡಿಯುತ್ತಾ ಕೇಳುತ್ತಾರೆ, "ಏನಾದ್ರೂ ಸಿಕ್ತಾ?"