ವಿಂಡೋಸ್ ರಿಮೋಟ್ ಡೆಸ್ಕ್‌ಟಾಪ್: ಕೆಲಸ ಗಟ್ಟಿ, ಎಚ್ಚರಿಕೆ ಎಡವಟ್ಟು

ಬ್ಯಾಡಗಿಯ ದಲಾಲಿ ಅಂಗಡಿಯ ಟ್ಯಾಲಿ ಲೆಕ್ಕದ ತಂತ್ರಾಂಶವನ್ನು ಹುಬ್ಬಳ್ಳಿಯ ಆಡಿಟರ್ ಆಫೀಸಿನಲ್ಲಿ ಕೂತು ತೆರೆಯಬೇಕಾದಾಗ ಹಲವರ ಕೈ ಮೊದಲು ಹೋಗುವುದು ವಿಂಡೋಸ್‌ನಲ್ಲೇ ಇರುವ ರಿಮೋಟ್ ಡೆಸ್ಕ್‌ಟಾಪ್ ಕನೆಕ್ಷನ್‌ಗೆ. ರನ್ ಬಾಕ್ಸಿನಲ್ಲಿ ಎಂಎಸ್‌ಟಿಎಸ್‌ಸಿ ಎಂದು ಹೊಡೆದರೆ ಬರುವ ಪ್ರೋಗ್ರಾಂ ಅದು. ಬೇರೆ ದುಡ್ಡು ಕೊಡಬೇಕಿಲ್ಲ, ಸಾಧಾರಣ ಇಂಟರ್‌ನೆಟ್ಟಿನಲ್ಲೂ ಅಕ್ಷರ ಸ್ಪಷ್ಟ, ಆ ಕಡೆಯ ವೋಚರ್ ಈ ಕಡೆಯ ಪ್ರಿಂಟರ್‌ನಲ್ಲಿ ಇಳಿಯುತ್ತದೆ. ಕೆಲಸದ ಮಟ್ಟಿಗೆ ಇದಕ್ಕೆ ಒಳ್ಳೆಯ ಅಂಕ ಕೊಡಲೇಬೇಕು. ಅಂಕ ಕಳೆಯಬೇಕಾದದ್ದು ಸಂಪರ್ಕಕ್ಕೆ ಮೊದಲು ಎದ್ದು ನಿಲ್ಲುವ ಹಳದಿ ಪಟ್ಟಿಯ ಎಚ್ಚರಿಕೆ ಕಿಟಕಿಗಳಿಗೆ. ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಹೆಚ್ಚುಕಡಿಮೆ ಒಂದೇ ಮುಖದಲ್ಲಿ ಕೇಳಿ, ಓದದೆ ಯೆಸ್ ಒತ್ತುವ ಚಟವನ್ನು ಅವೇ ಕಲಿಸಿಬಿಟ್ಟಿವೆ.

ಮೊದಲೇ ಗೊತ್ತಿರಬೇಕಾದ ಮಿತಿಗಳು ಎರಡು. ಒಳಗೆ ಬರಲು ಬಿಡುವ ಕಂಪ್ಯೂಟರಿನಲ್ಲಿ ವಿಂಡೋಸ್ ಪ್ರೊ ಇರಬೇಕು. ಹೋಮ್ ಆವೃತ್ತಿಯಿಂದ ಹೊರಗೆ ಹೋಗಬಹುದು, ಅದರೊಳಗೆ ಬರಲಾಗದು. ಪ್ರೊನಲ್ಲೂ ಒಂದು ಹೊತ್ತಿಗೆ ಒಬ್ಬರೇ. ಆಡಿಟರ್ ಒಳಗೆ ಬಂದರೆ ಅಂಗಡಿಯ ದಿವಾನಜಿಯ ಪರದೆ ಲಾಕ್ ಆಗುತ್ತದೆ. ಮೆಣಸಿನಕಾಯಿ ಟೆಂಡರ್ ನಡೆಯುವ ದಿನ ಹೀಗಾದರೆ ಫೋನಿನಲ್ಲಿ ಬರುವ ಮಾತು ಬರೆಯುವಂಥದ್ದಲ್ಲ.

ಈಗ ಕಿಟಕಿಗಳಿಗೆ ಬರೋಣ. ಆವೃತ್ತಿ, ಅಪ್‌ಡೇಟ್ ನೋಡಿ ರೂಪ ಸ್ವಲ್ಪ ಬದಲಾಗುತ್ತದೆ, ತಿರುಳು ಅದೇ. ಮೊದಲನೆಯದು ‘ಅನ್‌ನೋನ್ ಪಬ್ಲಿಷರ್’ ಎನ್ನುವುದು. ಆರ್‌ಡಿಪಿ ಫೈಲ್ (ಸಂಪರ್ಕದ ವಿವರ ಉಳಿಸಿಟ್ಟ ಫೈಲ್) ಮೇಲೆ ಡಬಲ್ ಕ್ಲಿಕ್ ಮಾಡಿದಾಗ ಬರುತ್ತದೆ. ಇದು ಆ ಕಡೆಯ ಕಂಪ್ಯೂಟರಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಈ ಫೈಲ್ ತಯಾರಿಸಿದವರು ಯಾರು ಎಂಬುದಕ್ಕೆ ಡಿಜಿಟಲ್ ಸಹಿ ಇಲ್ಲ, ಅಷ್ಟೇ ಅದರ ಮಾತು. ನೀವೇ ಸೇವ್ ಮಾಡಿಟ್ಟುಕೊಂಡ ಫೈಲಿಗೂ ಸಹಿ ಇರುವುದಿಲ್ಲವಾದ್ದರಿಂದ ಅದಕ್ಕೂ ಬರುತ್ತದೆ, ಗಾಬರಿ ಬೇಡ.

ಬೇರೆಯವರು ಕಳಿಸಿದ ಫೈಲ್ ಆದರೆ ಕತೆ ಬೇರೆ. ಆರ್‌ಡಿಪಿ ಫೈಲ್ ಬರೀ ವಿಳಾಸವಲ್ಲ. ನಿಮ್ಮ ಡ್ರೈವ್, ಕ್ಲಿಪ್‌ಬೋರ್ಡ್, ಪ್ರಿಂಟರ್, ಸ್ಮಾರ್ಟ್ ಕಾರ್ಡ್ ಇವುಗಳಲ್ಲಿ ಯಾವುದನ್ನು ಆ ಕಡೆಗೆ ತೆರೆದಿಡಬೇಕು ಎಂಬುದೂ ಅದರಲ್ಲೇ ಬರೆದಿರುತ್ತದೆ. 2024ರ ಅಕ್ಟೋಬರ್‌ನಲ್ಲಿ ಮಿಡ್‌ನೈಟ್ ಬ್ಲಿಝಾರ್ಡ್ ಎಂಬ ಹ್ಯಾಕರ್ ಗುಂಪು ಇಂಥ ಫೈಲುಗಳನ್ನೇ ಇಮೇಲ್‌ನಲ್ಲಿ ಕಳಿಸುತ್ತಿದೆ ಎಂದು ಮೈಕ್ರೋಸಾಫ್ಟ್ ಎಚ್ಚರಿಸಿತ್ತು. ತೆರೆದವರ ಕಂಪ್ಯೂಟರ್ ದಾಳಿಕೋರರ ಸರ್ವರಿಗೆ ಹೋಗಿ ಸೇರುತ್ತಿತ್ತು, ಡ್ರೈವುಗಳ ಸಮೇತ. ಆ ಫೈಲುಗಳಿಗೆ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಕೊಡುವ ಸರ್ಟಿಫಿಕೇಟಿನ (ಡಿಜಿಟಲ್ ಗುರುತುಪತ್ರದ) ಸಹಿಯೂ ಇತ್ತು. ಆದ್ದರಿಂದ ಸಹಿ ಇದೆಯೆಂದ ಮಾತ್ರಕ್ಕೆ ನಂಬುವಂತಿಲ್ಲ. ಸಹಿ ಯಾರದು ಎಂದು ಓದಬೇಕು.

ಹಾಗಾಗಿ ಈ ಕಿಟಕಿಯಲ್ಲಿ ನೋಡಬೇಕಾದದ್ದು ಹಳದಿ ಪಟ್ಟಿಯನ್ನಲ್ಲ, ಕೆಳಗಿನ ಎರಡು ಸಂಗತಿಗಳನ್ನು. ‘ರಿಮೋಟ್ ಕಂಪ್ಯೂಟರ್’ ಎಂಬ ಸಾಲಿನಲ್ಲಿ ನಿಮಗೆ ಗೊತ್ತಿರುವ ಹೆಸರೇ ಇದೆಯೇ? ಟಿಕ್ ಗುರುತುಗಳು ಯಾವುದರ ಮುಂದಿವೆ? ಹಳೆಯ ರೂಪದ ಕಿಟಕಿಯಲ್ಲಿ ಈ ಟಿಕ್‌ಗಳು ‘ಶೋ ಡೀಟೇಲ್ಸ್’ ಹಿಂದೆ ಅಡಗಿರುತ್ತವೆ. ಅಪಾಯ ಇರುವುದೇ ಅಲ್ಲಿ, ಅದನ್ನೇ ಮುಚ್ಚಿಟ್ಟದ್ದು ಈ ಪ್ರೋಗ್ರಾಂನ ದೊಡ್ಡ ತಪ್ಪು. ಟ್ಯಾಲಿ ಕೆಲಸಕ್ಕೆ ಪ್ರಿಂಟರ್ ಮತ್ತು ಕ್ಲಿಪ್‌ಬೋರ್ಡ್ ಸಾಕು. ಡ್ರೈವ್ಸ್ ಟಿಕ್ ತೆಗೆಯಿರಿ. ಅದು ಇದ್ದರೆ ಆಡಿಟರ್ ಕಂಪ್ಯೂಟರಿನ ಸಿ ಡ್ರೈವ್, ಅದರಲ್ಲಿರುವ ಉಳಿದ ಎಲ್ಲ ಕಕ್ಷಿದಾರರ ಕಡತ ಸಹಿತ, ಆ ಕಡೆಯ ಕಂಪ್ಯೂಟರಿಗೆ ಕಾಣುತ್ತದೆ. ಅಲ್ಲಿ ರ್‍ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಹೊಕ್ಕಿದ್ದರೆ ಇಲ್ಲಿಯ ಫೈಲುಗಳೂ ಅದರ ಕೈಗೆ ಸಿಗುತ್ತವೆ. ಬ್ಯಾಕಪ್ ತರಲೇಬೇಕಿದ್ದರೆ ಶೋ ಆಪ್ಷನ್ಸ್, ಲೋಕಲ್ ರಿಸೋರ್ಸಸ್, ಮೋರ್ ಎಂದು ಹೋಗಿ ಒಂದು ಖಾಲಿ ಪೆನ್ ಡ್ರೈವಿಗೆ ಮಾತ್ರ ಟಿಕ್ ಹಾಕಿ.

ಎರಡನೆಯ ಕಿಟಕಿ, ‘ರಿಮೋಟ್ ಕಂಪ್ಯೂಟರಿನ ಗುರುತು ಖಚಿತಪಡಿಸಲಾಗುತ್ತಿಲ್ಲ’ ಎನ್ನುವುದು. ಪಾಸ್‌ವರ್ಡ್ ಟೈಪ್ ಮಾಡಿದ ಮೇಲೆ ಬರುವುದರಿಂದ ‘ಕೊಟ್ಟಾಗಿದೆಯಲ್ಲ, ಇನ್ನೇನು’ ಎಂದು ಯೆಸ್ ಒತ್ತುವವರೇ ಬಹಳ. ವಾಸ್ತವದಲ್ಲಿ ಲಾಗಿನ್ ವ್ಯವಹಾರ ಮುಂದೆ ಸಾಗುವುದು ಆ ಯೆಸ್ ನಂತರವೇ. ನೋ ಒತ್ತಲು ಇನ್ನೂ ಹೊತ್ತು ಮೀರಿರುವುದಿಲ್ಲ.

ಇಲ್ಲಿ ಕಾರಣವನ್ನು ಕಿಟಕಿಯೇ ಬರೆದು ತೋರಿಸುತ್ತದೆ, ಅದೊಂದು ಪುಣ್ಯ. ‘ನಂಬಿಕಸ್ಥ ಸಂಸ್ಥೆಯ ಸರ್ಟಿಫಿಕೇಟ್ ಅಲ್ಲ’ ಎಂಬುದು ಎಲ್ಲಕ್ಕಿಂತ ಸಾಮಾನ್ಯ. ವಿಂಡೋಸ್ ತನಗೆ ತಾನೇ ಸಹಿ ಹಾಕಿಕೊಂಡ ಸರ್ಟಿಫಿಕೇಟ್ ತಯಾರಿಸಿ ಬಳಸುತ್ತದೆ, ಮೂರನೆಯವರ ಸಾಕ್ಷಿ ಇಲ್ಲ. ಮೊದಲ ಸಲ ಹೀಗೆ ಮಾಡಿ. ಅಂಗಡಿಯ ಕಂಪ್ಯೂಟರಿನಲ್ಲಿ ಸರ್ಟ್‌ಎಲ್‌ಎಂ ಡಾಟ್ ಎಂಎಸ್‌ಸಿ ತೆರೆದು, ರಿಮೋಟ್ ಡೆಸ್ಕ್‌ಟಾಪ್ ಫೋಲ್ಡರಿನ ಸರ್ಟಿಫಿಕೇಟ್ಸ್ ಒಳಗಿರುವ ಒಂದನ್ನು ಡಬಲ್ ಕ್ಲಿಕ್ ಮಾಡಿ, ಡೀಟೇಲ್ಸ್‌ನಲ್ಲಿ ಥಂಬ್‌ಪ್ರಿಂಟ್ ಓದಿಸಿ. ಸರ್ಟಿಫಿಕೇಟಿನ ಬೆರಳಚ್ಚಿನಂತಿರುವ 40 ಅಕ್ಷರ-ಅಂಕಿಗಳ ಸಾಲು ಅದು. ಈ ಕಡೆ ಎಚ್ಚರಿಕೆ ಕಿಟಕಿಯ ವ್ಯೂ ಸರ್ಟಿಫಿಕೇಟ್ ಒತ್ತಿ ಅದೇ ಸಾಲನ್ನು ತಾಳೆ ನೋಡಿ. ಸರಿಹೋದರೆ ‘ಮತ್ತೆ ಕೇಳಬೇಡ’ ಎಂಬುದಕ್ಕೆ ಟಿಕ್ ಹಾಕಿ ಯೆಸ್ ಒತ್ತಿದರೆ ಆಯಿತು. ಫೋನಿನಲ್ಲಿ ಎರಡು ನಿಮಿಷದ ಕೆಲಸ.

ಟಿಕ್ ಹಾಕಿದರೂ ಕೆಲ ತಿಂಗಳ ಮೇಲೆ ಅದೇ ಕಿಟಕಿ ಮತ್ತೆ ಬರುತ್ತದೆ ಎಂಬ ದೂರು ಎಲ್ಲ ಕಡೆ ಇದೆ. ಆ ಸರ್ಟಿಫಿಕೇಟಿನ ಆಯುಷ್ಯವೇ ಆರು ತಿಂಗಳು. ಮುಗಿಯುತ್ತಲೇ ವಿಂಡೋಸ್ ಹೊಸದನ್ನು ಹುಟ್ಟಿಸುತ್ತದೆ, ಥಂಬ್‌ಪ್ರಿಂಟ್ ಬದಲಾಗುತ್ತದೆ, ನೆನಪಿಟ್ಟ ಗುರುತು ಹೊಂದುವುದಿಲ್ಲ. ವಿಂಡೋಸ್ ಹೊಸದಾಗಿ ಹಾಕಿಸಿದರೂ ಹೀಗೆಯೇ. ಇವೆರಡೂ ಅಲ್ಲದೆ ನಡುವೆ ಥಟ್ಟನೆ ಬಂದರೆ ಮಾತ್ರ ಕೈ ತಡೆಯಿರಿ. ಮತ್ತೆ ತಾಳೆ ನೋಡುವವರೆಗೆ ಯೆಸ್ ಬೇಡ.

‘ಸರ್ಟಿಫಿಕೇಟಿನಲ್ಲಿರುವ ಹೆಸರು ಸರಿಯಿಲ್ಲ’ ಎಂದರೆ ನೀವು ಐಪಿ ಅಡ್ರೆಸ್ ಹಾಕಿ ಸಂಪರ್ಕಿಸುತ್ತಿದ್ದೀರಿ ಎಂದೇ ತಿಳಿಯಬಹುದು. ಸರ್ಟಿಫಿಕೇಟಿನಲ್ಲಿರುವುದು ಕಂಪ್ಯೂಟರಿನ ಹೆಸರು. ಆ ಹೆಸರನ್ನೇ ಬಳಸಿ. ಹೆಸರು ಸಿಗುತ್ತಿಲ್ಲ ಎಂದಾದರೆ ನೋಟ್‌ಪ್ಯಾಡನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಹೋಸ್ಟ್ಸ್ ಫೈಲಿನಲ್ಲಿ (ಯಾವ ಹೆಸರಿಗೆ ಯಾವ ಐಪಿ ಎಂದು ವಿಂಡೋಸ್ ನೋಡುವ ಪಟ್ಟಿ) ಐಪಿ ಮತ್ತು ಹೆಸರನ್ನು ಒಂದು ಸಾಲಿನಲ್ಲಿ ಸೇರಿಸಿ.

ದಿನಾಂಕದ ದೂರು ಬಂದರೆ ಹ್ಯಾಕರ್‌ಗಿಂತ ಮೊದಲು ಬ್ಯಾಟರಿಯನ್ನು ಅನುಮಾನಿಸಿ. ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಮದರ್‌ಬೋರ್ಡಿನ ಸಿಆರ್ 2032 ಬಿಲ್ಲೆ ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಖು ವರ್ಷಗಟ್ಟಲೆ ಹಿಂದೆ ಹೋಗುತ್ತದೆ, ಸರ್ಟಿಫಿಕೇಟ್ ‘ಇನ್ನೂ ಜಾರಿಗೆ ಬಂದಿಲ್ಲ’ ಎಂದಾಗುತ್ತದೆ. ಬಿಲ್ಲೆ ಬದಲಿಸಿ, ಗಡಿಯಾರ ಸರಿಪಡಿಸಿದರೆ ಎಚ್ಚರಿಕೆ ಮಾಯ. ಟ್ಯಾಲಿಯ ವೋಚರ್ ತಾರೀಖಿಗೂ ಅದು ಒಳ್ಳೆಯದು.

ಇದೆಲ್ಲ ರಗಳೆ ಎಂದು ರಿಪೇರಿಯವರು ಮಾಡಿಕೊಡುವ ಉಪಾಯ ಒಂದಿದೆ: ಅಡ್ವಾನ್ಸ್ಡ್ ಟ್ಯಾಬಿನಲ್ಲಿ ‘ಕನೆಕ್ಟ್ ಅಂಡ್ ಡೋಂಟ್ ವಾರ್ನ್ ಮಿ’. ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ‘ಅಥೆಂಟಿಕೇಶನ್ ಲೆವೆಲ್’ ಸಾಲಿನ ಕೊನೆಯಲ್ಲಿ 2 ಇದ್ದದ್ದು 0 ಆಗಿರುತ್ತದೆ. ಇದು ಎರಡನೆಯ ಕಿಟಕಿಯನ್ನು ಮಾತ್ರ ಬಾಯಿ ಮುಚ್ಚಿಸುತ್ತದೆ. ಪಬ್ಲಿಷರ್ ಕಿಟಕಿ ಹಾಗೇ ಬರುತ್ತಿರುತ್ತದೆ. ಅಂದರೆ ಗುರುತು ಕೇಳುವ ಉಪಯುಕ್ತ ಪ್ರಶ್ನೆ ಹೋಯಿತು, ಕಿರಿಕಿರಿ ಉಳಿಯಿತು. ಯಾರಾದರೂ ಹೀಗೆ ಮಾಡಿಟ್ಟಿದ್ದರೆ ‘ವಾರ್ನ್ ಮಿ’ಗೆ ಮರಳಿಸಿ ಸೇವ್ ಮಾಡಿ.

ಗೋಕುಲ ರಸ್ತೆಯ ಕಾರ್ಖಾನೆಯಂತೆ ಹತ್ತಾರು ಕಂಪ್ಯೂಟರ್ ಇರುವ ಕಡೆ ಡೊಮೈನ್ (ಎಲ್ಲ ಕಂಪ್ಯೂಟರುಗಳ ಲಾಗಿನ್ ಒಂದೇ ಸರ್ವರಿನಿಂದ ನಡೆಯುವ ವ್ಯವಸ್ಥೆ) ಇದ್ದರೆ ಅರ್ಧ ತಲೆನೋವು ಇರುವುದಿಲ್ಲ. ಹೆಸರು ಹಾಕಿ ಸಂಪರ್ಕಿಸಿದರೆ ಡೊಮೈನಿನ ಕೆರ್ಬರೋಸ್ ಎಂಬ ಗುರುತು ಪರೀಕ್ಷೆಯ ವ್ಯವಸ್ಥೆಯೇ ಗುರುತು ಹಿಡಿಯುತ್ತದೆ, ಐಪಿ ಹಾಕಿದರೆ ಆ ಸೌಲಭ್ಯ ತಪ್ಪುತ್ತದೆ. ಡೊಮೈನ್ ಇಲ್ಲದ ಕಡೆ ವಿಂಡೋಸ್‌ನ ಆದೇಶ ಕಿಟಕಿ ಪವರ್‌ಶೆಲ್‌ನಲ್ಲಿ ಕೆಲ ವರ್ಷದ ಆಯುಷ್ಯದ ಸರ್ಟಿಫಿಕೇಟ್ ಮಾಡಿ, ಅದರ ಥಂಬ್‌ಪ್ರಿಂಟನ್ನು ರಿಮೋಟ್ ಡೆಸ್ಕ್‌ಟಾಪ್ ಸೇವೆಗೆ ಜೋಡಿಸಿ, ಖಾಸಗಿ ಕೀ ಸೇರಿಸದೆ ಬರೀ ಸಿಇಆರ್ ಫೈಲನ್ನು (ಸರ್ಟಿಫಿಕೇಟಿನ ಪ್ರತಿ) ಉಳಿದವರ ಟ್ರಸ್ಟೆಡ್ ರೂಟ್ ಎಂಬ ನಂಬಿಕಸ್ಥರ ಪಟ್ಟಿಗೆ ಹಾಕಬಹುದು. ಸಿಕ್ಕಿಬೀಳುವುದು ಎರಡು ಕಡೆ. ಆ ಕೀ ಓದಲು ನೆಟ್‌ವರ್ಕ್ ಸರ್ವಿಸ್ ಖಾತೆಗೆ ಅನುಮತಿ ಕೊಡುವುದನ್ನು ಮರೆಯುತ್ತಾರೆ. ಇಲ್ಲವೇ ಡೀಟೇಲ್ಸ್‌ನಿಂದ ಥಂಬ್‌ಪ್ರಿಂಟ್ ಕಾಪಿ ಮಾಡುವಾಗ ಮುಂದೆ ಕಣ್ಣಿಗೆ ಕಾಣದ ಒಂದು ಅಕ್ಷರವೂ ಅಂಟಿ ಬಂದು ಆದೇಶ ಕೆಡುತ್ತದೆ. ವಿಂಡೋಸ್‌ನ ಆರ್‌ಡಿಪಿಸೈನ್ ಎಂಬ ಆದೇಶದಿಂದ ಆರ್‌ಡಿಪಿ ಫೈಲಿಗೆ ಸಹಿ ಹಾಕುವುದೂ ಸಾಧ್ಯ. ಸಹಿಯಾದ ಮೇಲೆ ಅದರ ವ್ಯಾಪ್ತಿಯ ಸೆಟ್ಟಿಂಗ್ ಬದಲಿಸಿದರೆ ಸಹಿ ರದ್ದು.

ಪಾಸ್‌ವರ್ಡ್ ದಾಟಿಸುವ ಕ್ರೆಡ್‌ಎಸ್‌ಎಸ್‌ಪಿ ಎಂಬ ವ್ಯವಸ್ಥೆಯ ದೋಷ ಬೇರೆಯದೇ, ಅದು ಎಚ್ಚರಿಕೆಯಲ್ಲ, ನಿರಾಕರಣೆ. 2018ರ ಅಪ್‌ಡೇಟ್ ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಬರಬಹುದು. ಎರಡೂ ಕಡೆ ಅಪ್‌ಡೇಟ್ ಮಾಡಿ. ಪಾಲಿಸಿಯನ್ನು ‘ವಲ್ನರಬಲ್’ ಮಾಡುವ ಅಡ್ಡದಾರಿ ಬೇಡ.

ರೂಟರಿನಲ್ಲಿ 3389 ಪೋರ್ಟ್ (ರಿಮೋಟ್ ಡೆಸ್ಕ್‌ಟಾಪ್ ಒಳಬರುವ ಬಾಗಿಲು) ಇಂಟರ್‌ನೆಟ್ಟಿಗೆ ತೆರೆದಿಟ್ಟವರಿಗೆ ಈ ಯಾವ ಕಿಟಕಿಯೂ ರಕ್ಷಣೆಯಲ್ಲ. ಅವು ಹೊರಡುವವರನ್ನು ಕೇಳುತ್ತವೆ, ಒಳಬರುವವರನ್ನಲ್ಲ. ಪೋರ್ಟ್ ಸಂಖ್ಯೆ ಬದಲಿಸಿದರೂ ಹುಡುಕುವವರಿಗೆ ಸಿಗುತ್ತದೆ. ಅದನ್ನು ಮುಚ್ಚಿ, ವಿಪಿಎನ್ ಎಂಬ ಖಾಸಗಿ ಸುರಕ್ಷಿತ ದಾರಿಯ ಮೂಲಕ ಬನ್ನಿ. ಟೇಲ್‌ಸ್ಕೇಲ್ ಎಂಬ ವಿಪಿಎನ್ ಬಳಸುವವರು ಅದು ಕೊಟ್ಟ 100ರಿಂದ ಶುರುವಾಗುವ ಐಪಿ ಬದಲು ಕಂಪ್ಯೂಟರಿನ ಹೆಸರನ್ನೇ ಹಾಕಿದರೆ ಹೆಸರಿನ ಎಚ್ಚರಿಕೆಯೂ ತಪ್ಪುತ್ತದೆ.

ಒಟ್ಟು ಅಂಕ: ಕೆಲಸಕ್ಕೆ ಐದರಲ್ಲಿ ನಾಲ್ಕೂವರೆ, ಎಚ್ಚರಿಕೆಯ ವಿನ್ಯಾಸಕ್ಕೆ ಎರಡು. ಕ್ಲೌಡ್‌ನಲ್ಲಿ ಟ್ಯಾಲಿ ಬಾಡಿಗೆಗೆ ಕೊಡುವವರಿಂದ ಸೇವೆ ಕೊಳ್ಳುವ ಗದಗ, ಹಾವೇರಿಯ ಅಂಗಡಿಯವರು ಹಣ ಕಟ್ಟುವ ಮೊದಲು ಮೂರು ಮಾತು ಕೇಳಿ: ಆರ್‌ಡಿಪಿ ಫೈಲಿಗೆ ನಿಮ್ಮ ಕಂಪನಿಯ ಹೆಸರಿನ ಸಹಿ ಇದೆಯೇ, ಸರ್ವರಿಗೆ ಹೆಸರಿನ ಮೇಲೆ ಪಡೆದ ಸರ್ಟಿಫಿಕೇಟ್ ಇದೆಯೇ, ಡ್ರೈವ್ಸ್ ಟಿಕ್ ಇಲ್ಲದೆ ಕೆಲಸ ನಡೆಯುತ್ತದೆಯೇ. ‘ಏನೇ ಬಂದರೂ ಯೆಸ್ ಒತ್ತಿರಿ’ ಎಂಬ ಉತ್ತರ ಬಂದರೆ ಬೇರೆಯವರನ್ನು ನೋಡಿ.