ಮರ್ಲಿನ್ ಆಗುವ ಮೊದಲಿನ ಫೋಟೋಗಳ ಗೋಡೆ ಕ್ಯಾಲೆಂಡರ್: ಚಿತ್ರ ಚೆನ್ನ, ವಿವರ ಸೊನ್ನೆ

ಹಾಲಿವುಡ್ ನಟಿ ಮರ್ಲಿನ್ ಮನ್ರೋ ಹೆಸರಲ್ಲಿ ಬರುವ ಕ್ಯಾಲೆಂಡರ್‌ಗಳಲ್ಲಿ ಮುಕ್ಕಾಲು ಪಾಲು ಒಂದೇ ಥರ. ಗಾಳಿಗೆ ಹಾರುವ ಬಿಳಿ ಗೌನು, ಕೆಂಪು ತುಟಿ, ಅರ್ಧ ಮುಚ್ಚಿದ ಕಣ್ಣು. ಇದು ಹಾಗಿಲ್ಲ. ಸಿನಿಮಾ ಸ್ಟಿಲ್ಲುಗಳನ್ನು ಪಕ್ಕಕ್ಕಿಟ್ಟು, ಆಕೆ ಮಾಡೆಲ್ ಆಗಿ ದುಡಿಯುತ್ತಿದ್ದ ದಿನಗಳ ಫೋಟೋಗಳನ್ನೇ ಹೆಚ್ಚಾಗಿ ಹಾಕಿದ್ದಾರೆ. ಅದಕ್ಕೇ ತಗೊಂಡೆ. ಚಿತ್ರಗಳ ಮಟ್ಟಿಗೆ ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಆದರೆ ಒಂದೇ ಒಂದು ಫೋಟೋದ ಕೆಳಗೂ ವರ್ಷ ಇಲ್ಲ, ತೆಗೆದವರ ಹೆಸರಿಲ್ಲ. ಎಲ್ಲದಕ್ಕೂ ಸುಮ್ನೆ ‘ಮರ್ಲಿನ್’ ಅಂತ ಹಾಕಿ ಕೈ ತೊಳೆದುಕೊಂಡಿದ್ದಾರೆ. ಇದರಲ್ಲಿರುವ ಎಷ್ಟೋ ಫೋಟೋ ತೆಗೆದಾಗ ಆ ಹೆಸರೇ ಇನ್ನೂ ಹುಟ್ಟಿರಲಿಲ್ಲ!

ಜನವರಿ ಪುಟಕ್ಕೇ ಪೂರ್ತಿ ಅಂಕ ಕೊಡಬಹುದು. ಕಂದು ಬಣ್ಣದ ಗುಂಗುರು ಕೂದಲಿನ ಹುಡುಗಿ, ಕೈಯಲ್ಲಿ ವಿಮಾನದ ಪ್ರೊಪೆಲ್ಲರ್, ಸೊಂಟದ ಹತ್ತಿರ ಸಿಕ್ಕಿಸಿಕೊಂಡ ಫ್ಯಾಕ್ಟರಿ ಬ್ಯಾಡ್ಜು. ಇದು ನಾರ್ಮಾ ಜೀನ್, ಮರ್ಲಿನ್ ಆಗುವ ಮೊದಲು ಆಕೆಗಿದ್ದ ಹೆಸರು. ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್‌ನಲ್ಲಿದ್ದ ರೇಡಿಯೋಪ್ಲೇನ್ ಕಾರ್ಖಾನೆಯಲ್ಲಿ ಕೆಲಸ. ಅಲ್ಲಿ ತಯಾರಾಗುತ್ತಿದ್ದದ್ದು ರೇಡಿಯೋದಿಂದ ಹಾರಿಸುವ ಪುಟ್ಟ ವಿಮಾನಗಳು. ಫಿರಂಗಿ ದಳದವರು ಗುರಿ ಇಡೋದನ್ನು ಕಲಿಯಲಿ ಅಂತ, ಅಂದರೆ ಹೊಡೆದು ಉರುಳಿಸಲಿಕ್ಕೇ ಮಾಡಿದ ವಿಮಾನ. ಇವಳು ಆ ವಿಮಾನಗಳ ಮೈಗೆ ಹೊದಿಸುವ ಬಟ್ಟೆಗೆ ವಾರ್ನಿಷ್ ಸಿಂಪಡಿಸುತ್ತಿದ್ದಳು, ಪ್ಯಾರಾಚೂಟ್ ಪರೀಕ್ಷೆ ಮಾಡುತ್ತಿದ್ದಳು. 1942ರಲ್ಲಿ, ಹದಿನಾರು ತುಂಬಿದ ಕೆಲವೇ ದಿನಕ್ಕೆ ಮದುವೆ ಆಗಿತ್ತು, ಗಂಡ ಹಡಗಿನ ಕೆಲಸಕ್ಕೆ ಹೋಗಿದ್ದ. ಯುದ್ಧಕಾಲದಲ್ಲಿ ದುಡಿಯುವ ಹೆಂಗಸರ ಫೋಟೋ ಬೇಕು ಅಂತ ಸೇನೆಯ ಚಲನಚಿತ್ರ ಘಟಕದಿಂದ ಬಂದ ಡೇವಿಡ್ ಕಾನೋವರ್ ಕ್ಯಾಮೆರಾಗೆ ಅವಳು ಸಿಕ್ಕಿದ್ದು ಹೀಗೆ. ಅದೇ ಘಟಕದಲ್ಲಿ ಅಧಿಕಾರಿಯಾಗಿದ್ದವರು ರೊನಾಲ್ಡ್ ರೇಗನ್, ಹೌದು, ಮುಂದೆ ಅಮೆರಿಕದ ಅಧ್ಯಕ್ಷರಾದವರೇ. ಇಷ್ಟೆಲ್ಲ ಕಥೆ ಇರುವ ಫೋಟೋಗೆ ಎರಡು ಸಾಲು ಬರೆಯಲು ಇವರಿಗೆ ಏನು ಕಷ್ಟ?

ಸರಿ, ಅವರು ಬರೆಯದಿದ್ದರೆ ಕೂದಲು ನೋಡಿ. ಕಂದು ಗುಂಗುರು ಇದ್ದರೆ ಕಾರ್ಖಾನೆಯ ಕಾಲ, ಇಲ್ಲಾ ಮಾಡೆಲಿಂಗ್‌ನ ಶುರುವಿನ ದಿನಗಳು. 1945ರ ಆಗಸ್ಟ್‌ನಲ್ಲಿ ಬ್ಲೂ ಬುಕ್ ಅನ್ನುವ ಮಾಡೆಲ್ ಏಜೆನ್ಸಿ ಸೇರಿದಳು. ಗಂಡನಿಗೆ ಇದು ಬೇಡವಾಗಿತ್ತು, ಇವಳು ಕೇಳಲಿಲ್ಲ. ಏಜೆನ್ಸಿ ನಡೆಸುತ್ತಿದ್ದ ಎಮ್ಮೆಲಿನ್ ಸ್ನೈವ್ಲಿಗೆ ಕೆಲಸ ಚೆನ್ನಾಗಿ ಗೊತ್ತಿತ್ತು. ದೊಡ್ಡ ಫ್ಯಾಷನ್ ಪತ್ರಿಕೆಗೆ ಈ ಮೈಕಟ್ಟು ಒಗ್ಗಲ್ಲ, ಪಿನ್ಅಪ್‌ಗೆ, ಅಂದರೆ ಗೋಡೆಗೆ ಅಂಟಿಸಿಕೊಳ್ಳುವ ಚೆಲುವೆಯರ ಚಿತ್ರಕ್ಕೆ, ಹೇಳಿ ಮಾಡಿಸಿದ ಹಾಗಿದೆ ಅಂತ ಲೆಕ್ಕ ಹಾಕಿದರು. ಆಮೇಲೆ ಕೂದಲು ನೇರ ಆಯಿತು, ಹೊಂಬಣ್ಣ ಬಂತು. ಕ್ಯಾಲೆಂಡರ್‌ನಲ್ಲಿ ಮಾರ್ಚ್‌ನಿಂದ ಏಪ್ರಿಲ್‌ಗೆ ಪುಟ ತಿರುಗಿಸಿದರೆ ಈ ಬದಲಾವಣೆ ಕಣ್ಣಿಗೆ ರಪ್ ಅಂತ ಹೊಡೆಯುತ್ತೆ, ನಗು ಮಾತ್ರ ಅದೇ. 1946ರ ಶುರುವಿನ ಹೊತ್ತಿಗೆ 33 ಪತ್ರಿಕೆಗಳ ಮುಖಪುಟದಲ್ಲಿ ಬಂದಾಗಿತ್ತು. ಅದೇ ವರ್ಷ ಆಗಸ್ಟ್‌ನಲ್ಲಿ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಿನಿಮಾ ಸ್ಟುಡಿಯೋ ಜೊತೆ ಒಪ್ಪಂದ, ಸೆಪ್ಟೆಂಬರ್‌ನಲ್ಲಿ ಡೈವೋರ್ಸ್. ಹೊಸ ಹೆಸರಿನ ‘ಮನ್ರೋ’ ತಾಯಿಯ ತವರಿನ ಹೆಸರು.

ಒಂದು ವ್ಯತ್ಯಾಸ ಹೇಳಲೇಬೇಕು. ಯುದ್ಧದ ಕಾಲದಲ್ಲಿ ಸೈನಿಕರ ಗೋಡೆ ತುಂಬ ಇದ್ದದ್ದು ಹಾಲಿವುಡ್ ನಟಿ ಬೆಟ್ಟಿ ಗ್ರೇಬಲ್, 1943ರ ಆ ಈಜುಡುಗೆಯ ಫೋಟೋ. ಆಕೆ ಆಗಲೇ ಸ್ಟಾರ್. ನಾರ್ಮಾ ಜೀನ್ ಉಲ್ಟಾ, ಫೋಟೋ ಮೊದಲು, ಸಿನಿಮಾ ಆಮೇಲೆ. 1953ರಲ್ಲಿ ಇಬ್ಬರೂ ಒಂದೇ ಚಿತ್ರದಲ್ಲಿ ನಟಿಸಿದರು ಅನ್ನೋದು ಬೇರೆ ಮಾತು.

ಸೆಪ್ಟೆಂಬರ್ ಪುಟ ನೋಡಿ ಸ್ವಲ್ಪ ಸಿಟ್ಟು ಬಂತು. ಟಾಮ್ ಕೆಲ್ಲಿ 1949ರಲ್ಲಿ ಕೆಂಪು ಮಖಮಲ್ಲಿನ ಮೇಲೆ ತೆಗೆದ ನಗ್ನ ಚಿತ್ರ, ಅದರಲ್ಲಿ ಮುಖ ಭುಜ ಮಾತ್ರ ಕತ್ತರಿಸಿ ಹಾಕಿದ್ದಾರೆ. ಕತ್ತರಿಸಿದ್ದಕ್ಕೆ ತಕರಾರಿಲ್ಲ. ಆದರೆ ಇದೂ ಆ ಕಾಲದಲ್ಲಿ ಕ್ಯಾಲೆಂಡರ್‌ನಲ್ಲೇ ಬಂದ ಫೋಟೋ ಅಲ್ವಾ, ಆ ಕಥೆ ಒಂದು ಸಾಲಾದರೂ ಬೇಡವಾ? ಕೈಯಲ್ಲಿ ಕಾಸಿಲ್ಲದ ಸಮಯದಲ್ಲಿ ಆಕೆಗೆ ಸಿಕ್ಕಿದ್ದು 50 ಡಾಲರ್. 1952ರಲ್ಲಿ, ಆ ಚಿತ್ರದಲ್ಲಿರೋದು ಈಕೆಯೇ ಅನ್ನೋ ಗುಟ್ಟು ರಟ್ಟಾಗಿ ಸ್ಟುಡಿಯೋ ಗಾಬರಿ ಬಿದ್ದಾಗ, ದುಡ್ಡಿಲ್ಲದೆ ಮಾಡಿದೆ ಅಂತ ಆಕೆಯೇ ಒಪ್ಪಿಕೊಂಡಳು. ಜನ ಕೋಪ ಮಾಡಿಕೊಳ್ಳುವ ಬದಲು ಮರುಗಿದರು. 1953ರ ಡಿಸೆಂಬರ್‌ನಲ್ಲಿ ಪ್ಲೇಬಾಯ್ ಪತ್ರಿಕೆಯ ಮೊದಲ ಸಂಚಿಕೆ ಮಾರಾಟವಾಗಿದ್ದೂ ಇದೇ ಫೋಟೋಗಳ ಬಲದಿಂದ, ಅದರಲ್ಲಿ ಆಕೆಗೆ ಬಿಡಿಗಾಸೂ ಇಲ್ಲ.

ಇನ್ನು ಜುಲೈ. ಕೊರಿಯಾದಲ್ಲಿ ಸೈನಿಕರ ಮುಂದೆ ಹಾಡುತ್ತಿರುವ ಫೋಟೋ, ತೆಳ್ಳನೆಯ ಪಟ್ಟಿಯ ಮಿನುಗುವ ನೇರಳೆ ಡ್ರೆಸ್. ಅದು 1954ರ ಫೆಬ್ರವರಿ! ಕೊರೆಯುವ ಚಳಿಯಲ್ಲಿ ನಾಲ್ಕು ದಿನ, ಒಂದು ಲಕ್ಷಕ್ಕೂ ಜಾಸ್ತಿ ಸೈನಿಕರ ಮುಂದೆ ಕಾರ್ಯಕ್ರಮ ಕೊಟ್ಟು, ಕೊನೆಗೆ ನ್ಯುಮೋನಿಯಾ ಹಿಡಿಸಿಕೊಂಡಳು. ಅದನ್ನು ಬೇಸಿಗೆ ಪುಟಕ್ಕೆ ಹಾಕಿದವರು ಫೋಟೋದಲ್ಲಿ ಹಿಂದೆ ಕೂತವರ ದಪ್ಪ ಜಾಕೆಟ್ಟುಗಳನ್ನಾದರೂ ನೋಡಬೇಕಿತ್ತು.

ಕಾಗದ ದಪ್ಪ ಇದೆ, ಬಣ್ಣ ಅತಿಯಾಗಿಲ್ಲ, ಹಳೇ ಫೋಟೋದ ಕಾಳು ಕಾಳಾದ ಮೇಲ್ಮೈಯನ್ನು ಉಜ್ಜಿ ಪ್ಲಾಸ್ಟಿಕ್ ಮಾಡಿಲ್ಲ. ಸ್ಪೈರಲ್ ಸಲೀಸಾಗಿ ತಿರುಗುತ್ತೆ. ಆದರೆ ತಾರೀಖಿನ ಚೌಕಗಳು ತೀರಾ ಸಣ್ಣವು, ಕಾಗದ ನಯ ಇರೋದರಿಂದ ಜೆಲ್ ಪೆನ್ನಲ್ಲಿ ಬರೆದರೆ ಮೆತ್ತಿಕೊಳ್ಳುತ್ತೆ. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ ಬರೆದಿಡೋರಿಗೆ ಇದು ಆಗಿಬರಲ್ಲ. ಸುರುಳಿ ಸುತ್ತಿ ಕಳಿಸುತ್ತಾರೆ, ಹಾಗಾಗಿ ತಂದ ತಕ್ಷಣ ದಪ್ಪ ಪುಸ್ತಕದ ಕೆಳಗೆ ಎರಡು ರಾತ್ರಿ ಇಡಿ, ಇಲ್ಲದಿದ್ದರೆ ಕೆಳಗಿನ ಅಂಚು ಮೇಲಕ್ಕೆ ಸುತ್ತಿಕೊಂಡು ತಾರೀಖೇ ಕಾಣಿಸಲ್ಲ. ಐದಕ್ಕೆ ಮೂರೂವರೆ. ಫೋಟೋಗ್ರಾಫರ್‌ಗಳ ಹೆಸರು ಹಾಕಿದ್ದರೆ ನಾಲ್ಕೂವರೆ ಕೊಡ್ತಿದ್ದೆ.